ರೆಕ್ಕೆ ಮೇಲೋ ಕೆಳಗೋ

ಬಡಗಿಯ ಹೆಂಡತಿ ರೆಕ್ಕೆಯ ಆಕಾರಕ್ಕೆ ಕತ್ತರಿಸಿದ ರಟ್ಟನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಿಂತಿದ್ದಳು. ಗಂಡ ಎದುರಿಗೆ ನಿಂತು, ಶೆಡ್ಡಿನಲ್ಲಿ ತಾನೇ ಕಟ್ಟುತ್ತಿದ್ದ ಪುಟ್ಟ ವಿಮಾನವನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅದರಲ್ಲಿ ಎರಡು ಸೀಟುಗಳಿದ್ದವು. ಎರಡನೆಯದರಲ್ಲಿ ಅವಳನ್ನು ಕೂರಿಸಬೇಕೆಂಬುದು ಅವನ ಆಸೆ. ಅವಳದು ಮೊದಲಿನಿಂದಲೂ ಒಂದೇ ಮಾತು: "ನಾನಂತೂ ಬರೋಲ್ಲ. ಅಲ್ಲಿ ಮರಳಿನ ಮೂಟೆ ಇಟ್ಕೊಳ್ಳಿ."

"ಈಗ ಸ್ವಲ್ಪ ಕೆಳಗೆ ಹಿಡಿ," ಎಂದ. ಅವಳು ರಟ್ಟನ್ನು ಸೀಟಿನ ಕೆಳಗಿನ ಮಟ್ಟಕ್ಕೆ ಇಳಿಸಿದಳು. "ಆಹಾ, ಕೆಳಗಿದ್ರೇನೇ ಗತ್ತು. ಮೇಲಿದ್ರೆ ಕೊಡೆ ಹಿಡ್ಕೊಂಡು ಹೊರಟ ಹಾಗಿರುತ್ತೆ."

"ಬೆಳಗಿಂದ ಮೇಲೆ ಕೆಳಗೆ ಅಂತ ಆಡಿಸಿ ಆಡಿಸಿ ನನ್ನ ತೋಳೇ ರೆಕ್ಕೆ ಆಗೋಯ್ತು. ಅಲ್ಲಿ ಬಟ್ಟೆ ನೆನೆಸಿಟ್ಟು ಬಂದಿದ್ದೀನಿ. ಒಂದು ತೀರ್ಮಾನ ಮಾಡಿ."

"ಸರಿ, ಕೆಳಗೇ ಇರ್ಲಿ." ಅವನು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಗುರುತು ಹಾಕಲು ಬಾಗಿದ.

"ಬೇಡ್ರೀ." ಅವಳು ರಟ್ಟನ್ನು ತಟ್ಟನೆ ಮೇಲೆತ್ತಿದಳು. "ಕೆಳಗಿದ್ರೆ, ಬಗ್ಗಿ ನೋಡಿದಾಗ ರೆಕ್ಕೆ ಬಿಟ್ಟು ಬೇರೇನು ಕಾಣುತ್ತೆ? ನಮ್ಮನೆ ಮಹಡಿ ಕಾಣಬೇಡ್ವಾ? ನಿಮ್ಮ ತಂಗಿ ಇದನ್ನ ಕೋಳಿಗೂಡು ಅಂದಿದ್ದಾಳಲ್ಲ, ಅವಳ ಮನೆ ಮೇಲಿಂದ ಹೋಗುವಾಗ ಒಂದ್ಸಲ ಕೈ ಬೀಸಬೇಡ್ವಾ?"

ಪೆನ್ಸಿಲು ಹಲಗೆಯ ಮೇಲೆ ಹಾಗೇ ನಿಂತಿತು. ತಲೆ ಎತ್ತಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

"ಕೈ ಬೀಸೋದು ಯಾರು?" ಎಂದು ಮೆಲ್ಲಗೆ ಕೇಳಿದ.

"ನೀವಂತೂ ಅಲ್ಲ," ಎಂದಳು ಅವಳು. "ನೀವು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು ನೆಟ್ಟಗೆ ಓಡ್ಸಿ, ಸಾಕು."