ಕಿಟಕಿ ಮುಚ್ಚಿದ ವಾಚನಾಲಯ

ಒಗ್ಗರಣೆಯ ಮೆಣಸಿನಕಾಯಿ ಘಾಟೆದ್ದರೆ ಈಗಲೂ ನಾನು ಮೊದಲು ಕಿಟಕಿಯತ್ತ ನೋಡುತ್ತೇನೆ.

ಬ್ಯಾಡಗಿಯಲ್ಲಿ ನಮ್ಮ ಓಣಿಯ ವಾಚನಾಲಯದ ಬೆನ್ನಿಗೇ ಮೆಣಸಿನಕಾಯಿ ಪೇಟೆ. ವಾಚನಾಲಯ ನೋಡಿಕೊಳ್ಳುತ್ತಿದ್ದ ಕಾಕಾ ಸುಗ್ಗಿಯಲ್ಲೂ ಕಿಟಕಿ ತೆರೆದೇ ಇಡುತ್ತಿದ್ದರು. ನಾವು ಸೀನುತ್ತಲೇ ಓದುತ್ತಿದ್ದೆವು. ಆ ಮಧ್ಯಾಹ್ನ ಮಾತ್ರ ಊರಿನ ಕೆಲವು ಹಿರಿಯರು ಬಂದವರೇ ಬಾಗಿಲು, ಕಿಟಕಿ ಎಲ್ಲ ಮುಚ್ಚಿಸಿದರು. ಓದುಗರಲ್ಲಿ ಒಳಗೆ ಉಳಿದವಳು ನಾನೊಬ್ಬಳೇ.

ಅವರು ಪುಸ್ತಕಗಳನ್ನು ತಿರುವಿ ನೋಡಿ, ಬೇಡವೆನಿಸಿದ್ದನ್ನು ಗೋಣಿಚೀಲಕ್ಕೆ ಹಾಕತೊಡಗಿದರು. ಸೆಕೆಗೆ ನನ್ನ ಲಂಗ ಬೆಂಚಿಗೆ ಅಂಟಿಕೊಂಡಿತ್ತು. ಎದ್ದು ಹೋಗಲು ಧೈರ್ಯವಿರಲಿಲ್ಲ. ಕೊನೆಗೆ ಒಬ್ಬರು ನನ್ನ ಮಡಿಲಲ್ಲಿದ್ದ, ಅರ್ಧ ಓದಿದ ಕಥೆಪುಸ್ತಕಕ್ಕೂ ಕೈಚಾಚಿದರು.

"ಇದರಾಗ ನಮ್ಮ ಮಂದಿ ಹುಡುಗಿ ಅವರ ಮನಿ ಹುಡುಗನ್ನ ಲಗ್ನ ಆಗ್ತಾಳ. ಸಣ್ಣವ್ರು ಓದೂದಲ್ಲ ಇದು. ಕೊಡಿಲ್ಲೆ."

ಕೊಟ್ಟೆ. ಕಣ್ಣು ತುಂಬಿ ಬಂತು.

"ಯಾಕವ್ವ, ಅಳಾಕತ್ತೀಯೇನು?" ಅವರ ದನಿ ಗಡುಸಾಯಿತು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಡ್ಡ ಬಂದರು. "ಇಲ್ರಿ ಯಜಮಾನ್ರ, ಎಲ್ಲೀದು ಅಳೂದು. ಮೆಣಸಿನಕಾಯಿ ಘಾಟು ಕಣ್ಣಿಗೆ ಹೊಡದೈತಿ."

ಹಿರಿಯರು ತಲೆಯಾಡಿಸಿದರು. ನಮ್ಮೂರಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಚೀಲದ ಬಾಯಿಯನ್ನು ಕಾಕಾನೇ ಹೊಲಿಯಬೇಕಾಯಿತು. ದಬ್ಬಳಕ್ಕೆ ಸುತಳಿ ಪೋಣಿಸಿ, ಮೆಣಸಿನಕಾಯಿ ಚೀಲ ಹೊಲಿದಂತೆಯೇ ಬಿಗಿಯಾಗಿ ಹೊಲಿದರು. ನಡುವೆ ಕೈ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು.

"ನಿಮಗೂ ಘಾಟು ಹೊಡೀತೇನ್ರಿ, ಕಾಕಾ?" ಎಂದು ಕೇಳಿದೆ.

"ಹೂಂನವ್ವಾ," ಎಂದರು ಅವರು, ಮುಚ್ಚಿದ ಕಿಟಕಿಯನ್ನೇ ನೋಡುತ್ತ.