ತಾನಾಗಿ ನಿಲ್ಲುವ ಮಗ್ಗ

"ನಿಲ್ಲುತ್ತಾ?" ಎಂದು ಯಜಮಾನರು ಬಾಗಿಲಿನಿಂದಲೇ ಕೇಳಿದರು.

"ನಿಲ್ಲುತ್ತೆ," ಎಂದು ಫಿಟ್ಟರ್ ಮಗ್ಗದ ಅಡಿಯಿಂದ ತೆವಳಿ ಬಂದ. ಎಣ್ಣೆಗೈಯನ್ನು ಪ್ಯಾಂಟಿಗೇ ಒರೆಸಿಕೊಂಡ.

"ಹೋದ ಸಲಾನೂ ಇದೇ ಹೇಳಿದ್ದೆ. ನೂಲು ಕಡೀತು, ಮಗ್ಗ ಓಡ್ತಾನೇ ಇತ್ತು. ಇವತ್ತೂ ಹಾಗಾದ್ರೆ ನಿನ್ನ ಈ ತಗಡೆಲ್ಲ ಗುಜರಿಗೆ. ದೊಡ್ಡಮ್ಮನ ಮಗ್ಗಕ್ಕೂ ಬೇರೆ ಯಾರನ್ನಾದ್ರೂ ನೋಡ್ತೀನಿ."

ಮಗ್ಗದ ಹಿಡಿಯ ಮೇಲಿದ್ದ ಕೈಯನ್ನು ದೊಡ್ಡಮ್ಮ ಸರಕ್ಕನೆ ತೆಗೆದಳು. ಫಿಟ್ಟರ್‌ಗೆ ಅವಳು ಹೆಣ್ಣು ಕೊಟ್ಟ ಅತ್ತೆ, ಮಿಕ್ಕ ಶೆಡ್ಡಿಗೆಲ್ಲ ದೊಡ್ಡಮ್ಮ. ಇಪ್ಪತ್ತೆರಡು ವರ್ಷ ನೇಯ್ದ ಕಣ್ಣು ಈಗೀಗ ಕೈಕೊಡುತ್ತಿತ್ತು. ಎರಡು ಸಾವಿರ ಎಳೆಗಳಲ್ಲಿ ಒಂದು ಕಡಿದರೆ ಅವಳಿಗೆ ಕಾಣುತ್ತಿರಲಿಲ್ಲ. ಕಾಣುವ ಹೊತ್ತಿಗೆ ಬಟ್ಟೆಯುದ್ದಕ್ಕೂ ಗೆರೆ ಬಿದ್ದಿರುತ್ತಿತ್ತು. ಅದಕ್ಕೇ ಅಳಿಯ ಮೂರು ತಿಂಗಳು ತಲೆ ಕೆಡಿಸಿಕೊಂಡು, ಎಳೆಗೊಂದರಂತೆ ತೆಳು ತಗಡಿನ ಪಟ್ಟಿ ನೇತುಹಾಕಿದ್ದ. ಎಳೆ ಕಡಿದರೆ ಅದರ ಪಟ್ಟಿ ಕೆಳಗಿನ ತಂತಿಯ ಮೇಲೆ ಬೀಳಬೇಕು, ಕರೆಂಟು ತಾಗಬೇಕು, ಮಗ್ಗ ಗಕ್ಕನೆ ನಿಲ್ಲಬೇಕು. ಹೋದ ಸಲ ನೂಲಿನ ಧೂಳು ತಂತಿಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿ ಎಲ್ಲ ಕೆಡಿಸಿತ್ತು. ಈ ಸಲ ಅದನ್ನು ಊದಿ ಓಡಿಸಲು ಅಂಗೈಯಗಲದ ಫ್ಯಾನು ಬೇರೆ ಕೂರಿಸಿದ್ದ. ಹೆತ್ತ ಮಗನೂ ಇಷ್ಟು ಮಾಡುತ್ತಿರಲಿಲ್ಲ ಎಂದು ದೊಡ್ಡಮ್ಮನಿಗೆ ಅಳು ಉಕ್ಕಿ ಬಂತು.

"ಶುರು ಮಾಡಿ, ಅತ್ತೆ," ಎಂದ ಅಳಿಯ. ಪರೀಕ್ಷೆ ನೋಡಲೆಂದು ಉಳಿದ ಇಪ್ಪತ್ತಮೂರು ಮಗ್ಗಗಳನ್ನು ನಿಲ್ಲಿಸಿ ಎಲ್ಲರೂ ಸುತ್ತ ನೆರೆದಿದ್ದರು. ದೊಡ್ಡಮ್ಮ ಹಿಡಿ ಎಳೆದಳು. ಲಾಳಿ ಆ ತುದಿಯಿಂದ ಈ ತುದಿಗೆ ಹಾರತೊಡಗಿತು, ಒಂದೇ ಮಗ್ಗವಾದರೂ ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ ಎದ್ದಿತು.

ಗದ್ದಲ ಎದ್ದಿತೆಂದರೆ ದೊಡ್ಡಮ್ಮನಿಗೊಂದು ಚಾಳಿ. ಆ ಸದ್ದಿನಲ್ಲಿ ಕಿವಿ ಇದ್ದೂ ಇಲ್ಲದ ಹಾಗೆ, ಅಲ್ಲಿನವರೆಲ್ಲ ತುಟಿ ನೋಡಿ ಮಾತು ತಿಳಿಯುವವರು. ಎಳೆ ಕಾಣದ ದೊಡ್ಡಮ್ಮನಿಗೂ ದೂರದ ತುಟಿ ಚೆನ್ನಾಗಿ ಕಾಣುತ್ತಿತ್ತು. ಆಫೀಸು ರೂಮಿನ ಯಜಮಾನರಿಗೆ ಆ ವಿದ್ಯೆ ಎಲ್ಲಿಂದ ಬರಬೇಕು ಎಂಬ ಧೈರ್ಯ ಅವಳದು. ಅವರು ದಿನಾ ಬೆಳಿಗ್ಗೆ ಹಾದುಹೋಗುವಾಗ ಕೈಮುಗಿದು, ಮುಖದ ತುಂಬ ನಕ್ಕು, ಗಂಟಲು ಹರಿಯುವಂತೆ ಬೈಯುತ್ತಿದ್ದಳು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಯಜಮಾನರೂ ನಕ್ಕು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಈಗಲೂ ಯಜಮಾನರು ಹತ್ತಿರ ಬಂದು ಬಗ್ಗಿ ನೋಡಿದರು. ದೊಡ್ಡಮ್ಮನ ಕೈ ತಾನಾಗಿ ಮುಗಿಯಿತು, ಬಾಯಿ ತಾನಾಗಿ ತೆರೆಯಿತು.

"ಬಂದ್ಯಾ ಬೋಡುಬುರುಡೆ! ಬಾ ಬಾ, ನಿನ್ನ ಹರಳೆಣ್ಣೆ ಕುಡಿದ ಮುಖ ನೋಡಿದ್ರೆ ಎಂಥಾ ಗಟ್ಟಿ ನೂಲೂ..."

ನೂಲು ಕಡಿಯಿತು. ಪಟ್ಟಿ ಬಿತ್ತು. ಮಗ್ಗ ಗಕ್ಕನೆ ನಿಂತಿತು. ಅಳಿಯ ಮಗ್ಗಕ್ಕೇನೋ ತಡೆ ಹಾಕಿದ್ದ, ಅತ್ತೆಯ ಬಾಯಿಗೆ ಹಾಕಿರಲಿಲ್ಲ.

"...ತಾನಾಗೇ ಕಡಿಯುತ್ತೆ ಕಣೋ, ಗೂಬೆ!"

ಪುಟ್ಟ ಫ್ಯಾನಿನ ಗುಂಯ್‌ಗುಡುವಿಕೆ ಬಿಟ್ಟರೆ ಶೆಡ್ಡಿನಲ್ಲಿ ಸದ್ದಿಲ್ಲ. ಅಳಿಯ ಗೆದ್ದೆನೆಂದು ಎತ್ತಿದ ಕೈಯನ್ನು ಇಳಿಸುವುದು ಮರೆತು ಹಾಗೇ ನಿಂತಿದ್ದ. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು ದೊಡ್ಡಮ್ಮನಿಗೆ. ಇಪ್ಪತ್ತೆರಡು ವರ್ಷದ ಅನ್ನ, ಒಂದು ಗೂಬೆಯಿಂದ ಹೋಯಿತಲ್ಲ!

"ನಾನು... ನೂಲಿಗೆ ಅಂದಿದ್ದು, ಯಜಮಾನ್ರೇ," ಎಂದಳು.

ಯಜಮಾನರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದರು.

"ದೊಡ್ಡಮ್ಮಾ, ಹದಿನೆಂಟು ವರ್ಷದಿಂದ ದಿನಾ ಇದೇ ದಾರೀಲಿ ಓಡಾಡ್ತಿದೀನಿ. ತುಟಿ ನೋಡಿ ತಿಳ್ಕೊಳೋಕೆ ನಂಗೂ ಬರುತ್ತೆ. ಬೈಯೋ ದನಿ ಕಿವಿಗೆ ಬಿದ್ದಿದ್ದು ಮಾತ್ರ ಇವತ್ತೇ." ಕನ್ನಡಕ ಹಾಕಿಕೊಂಡರು. "ಮಂಗಳವಾರ ಬೈದಿದ್ದು ಇದಕ್ಕಿಂತ ಚೆನ್ನಾಗಿತ್ತು."

ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ತಡೆಯುವವರೇ ಇಲ್ಲ. ಒಬ್ಬಳು ನಕ್ಕು ನಕ್ಕು ನೆಲದ ಮೇಲೇ ಕೂತಳು. ದೊಡ್ಡಮ್ಮನಿಗೆ ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯದೆ ಎರಡೂ ಒಟ್ಟಿಗೇ ಬಂತು.

"ಇಪ್ಪತ್ನಾಲ್ಕಕ್ಕೂ ಇದನ್ನೇ ಹಾಕು," ಎಂದರು ಯಜಮಾನರು ಅಳಿಯನಿಗೆ. "ದೊಡ್ಡಮ್ಮ ತನ್ನ ಮಗ್ಗದಲ್ಲೇ ಇರ್ಲಿ. ಬೈಸ್ಕೊಳ್ದೆ ನಂಗೆ ಬೆಳಗಾಗಲ್ಲ."

ಅಳಿಯ ಕಡಿದ ಎಳೆ ಹುಡುಕಿಕೊಟ್ಟ, ದೊಡ್ಡಮ್ಮ ಗಂಟು ಹಾಕಿದಳು. ಮಗ್ಗ ಮತ್ತೆ ಹೊರಟಿತು. ಆಗ ಯಜಮಾನರು ಎದುರಿಗೆ ನಿಂತು, ಕೈಮುಗಿದು, ಥೇಟ್ ಅವಳ ಹಾಗೆಯೇ ಮುಖದ ತುಂಬ ನಕ್ಕು ಬಾಯಿ ತೆರೆದರು. ಹದಿನೆಂಟು ವರ್ಷದ ಬಾಕಿ ಒಟ್ಟಿಗೇ ಹೊರಟಂತಿತ್ತು. ಮೊದಲ ಎರಡು ಮಾತು ತುಟಿಯಲ್ಲೇ ಓದಿದ ದೊಡ್ಡಮ್ಮ, ಮೂರನೆಯದು ಬರುವಾಗ ಮೆಲ್ಲಗೆ ಅಂಚಿನತ್ತ ಕೈ ಚಾಚಿದಳು. ಕಣ್ಣಿಗೆ ಕಾಣದ ಎಳೆ ಉಗುರಿಗೆ ಸಿಕ್ಕಿತು. ಟಪ್ಪೆಂದು ಕಿತ್ತಳು.

"...ಗಿಣಿಮೂಗಿನ ಗಯ್ಯಾಳಿ!" ಎಂಬ ಯಜಮಾನರ ಕೂಗು ತಗಡಿನ ಸೂರಿಗೆ ಬಡಿದು ಶೆಡ್ಡಿನ ತುಂಬ ಮೊಳಗಿತು.

"ಚೆನ್ನಾಗಿ ನಿಲ್ಲುತ್ತೆ, ಅಳಿಯಂದ್ರೇ," ಎಂದಳು ದೊಡ್ಡಮ್ಮ.