ಅತ್ತೆಯ ಬಲಗೈ

ಲಕ್ವ ಹೊಡೆದ ನನ್ನ ಕೈಗೆ ನೆರೂಳಿನ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಹಿತ್ತಾಳೆಯ ತಾಳ ಕಟ್ಟಿ, ಮೊಬೈಲಿನಲ್ಲಿ ಹಾಡು ಹಾಕಿ, "ಬಜಾವೋ ಆಂಟಿ", ಬಾರಿಸಿ ಅನ್ನುತ್ತಾಳೆ. ಆ ಹಿತ್ತಾಳೆಯ ವಾಸನೆಗೆ ನಾನು ಚಿಕ್ಕವಳಿದ್ದಾಗ ಕಲ್ಯಾಣದ ಚಾಳಿನ ನಮ್ಮ ಒಂಟಿ ಕೋಣೆಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಅಕ್ಕನಿಗೂ ಲಕ್ವ ಹೊಡೆದಿತ್ತು. ಬಲಗೈ ಎದೆಯವರೆಗೆ ಎದ್ದು ಅಲ್ಲೇ ನಿಲ್ಲುತ್ತಿತ್ತು. ಎರಡು ದಿನದಿಂದ ಅತ್ತೆ ಉಂಡಿರಲಿಲ್ಲ.

"ಎಡಗೈಯಲ್ಲಿ ಉಣ್ಣಿ ಅತ್ತಿಗೆ, ಯಾರು ನೋಡ್ತಾರೆ?" ಎಂದಳು ಅಮ್ಮ.

"ತೊಳೆಯುವ ಕೈಯಲ್ಲಿ ಉಣ್ಣುವುದಾ? ಬೇಕಾದರೆ ನೀನು ಉಣ್ಣು."

ಅಮ್ಮ ತಿನ್ನಿಸಲು ಹೋದರೆ ಅತ್ತೆ ಬಾಯಿ ಬಿಗಿ ಹಿಡಿಯುತ್ತಿದ್ದಳು.

ಶನಿವಾರದ ಭಜನೆಯಲ್ಲಿ ಅತ್ತೆಯ ತಾಳ ಎಂದೂ ತಪ್ಪಿದ್ದಿಲ್ಲ. ಹಾಡಿದರೆ ಆ ಕೈ ಏನು ಮಾಡುತ್ತದೋ ನೋಡೋಣವೆಂದು ನಾನು ಎದುರು ಕುಳಿತು, ತೊಡೆ ತಟ್ಟುತ್ತ ಅವಳ ಭಜನೆಯನ್ನೇ ಶುರುಮಾಡಿದೆ. ಮೊದಲು ಬೆರಳುಗಳು ಅಲುಗಿದವು. ಅಮ್ಮ ಗಬಕ್ಕನೆ ಅವುಗಳ ನಡುವೆ ಸಾರನ್ನದ ತುತ್ತು ಇಟ್ಟಳು. ಕೈ ಒಂದೊಂದು ಪೆಟ್ಟಿಗೂ ಒಂದಿಷ್ಟು ಮೇಲೇರಿ ಗಲ್ಲದವರೆಗೆ ಬಂತು.

ಹಾಡು ನಿಲ್ಲಿಸಿದರೆ ಏನಾಗುತ್ತದೆ? ನಿಲ್ಲಿಸಿ ನೋಡಿದೆ. ಕೈಯೂ ನಿಂತಿತು.

"ಹಾಡೇ, ಕತ್ತೆ!" ಅತ್ತೆ ಸೊಟ್ಟ ಬಾಯಲ್ಲೇ ಗದರಿದಳು. "ಹಸಿವಾಗ್ತದೆ."